ಶೀನಣ್ಣನ ಮಾತು, ಶುಕ್ರವಾರದ ಮೀನು

ಶೀನಣ್ಣ, ಬಹ್ರೈನಿನ ಸಿತ್ರಾದ ಕ್ಯಾಂಪಿನಲ್ಲಿ ಲೇಬರ್ ಅಧಿಕಾರಿಯ ಮುಂದೆ ನಿಂತು ನೀವು ಹೇಳಿದ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ನೀವು ಕನ್ನಡದಲ್ಲಿ ಸಂಬಳದ ಬಗ್ಗೆ ದೂರಿದಿರಿ. ನಾನು ಅರಬಿಯಲ್ಲಿ ಅದನ್ನು ಸಾರಿನ ಬಗೆಗಿನ ದೂರು ಮಾಡಿದೆ. ಇಷ್ಟೇ ವಿಷಯ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಹೇಳದೆಯೇ ಸತ್ತುಹೋಗಬಹುದು ಎಂದೂ ಲೆಕ್ಕ ಹಾಕಿದ್ದೆ.

ನಿಮಗೆ ಪೂರ್ತಿ ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ. ಬಹ್ರೈನಿನಲ್ಲಿ ನಮ್ಮಂಥವರಿಗೆ ಕನಿಷ್ಠ ಕೂಲಿ ಎಂಬ ಕಾನೂನೇ ಇರಲಿಲ್ಲ. ನಮ್ಮ ದೇಶದ ಸರಕಾರದವರು ಮಾತ್ರ ಒಂದು ಗೆರೆ ಎಳೆದಿದ್ದರು. ಅದಕ್ಕಿಂತ ಕಡಿಮೆ ಸಂಬಳದ ಕರಾರಿಗೆ ಮುದ್ರೆ ಒತ್ತುವುದಿಲ್ಲ ಎಂದು. ಒಳ್ಳೆಯ ನಿಯಮ. ನಮ್ಮ ಕಂಪನಿಯೂ ಅದನ್ನು ತಲೆಬಾಗಿ ಪಾಲಿಸಿತು: ಮುದ್ರೆಗೆ ಒಂದು ಕರಾರು, ಊಟ-ವಸತಿಯ ಹೆಸರಲ್ಲಿ ಕಡಿತ ಮಾಡಿ ಬರೆದ ಇನ್ನೊಂದು ಕರಾರು ನಿಮ್ಮ ಹೆಬ್ಬೆಟ್ಟಿಗೆ, ಸಹಿಗೆ. ಎರಡನ್ನೂ ಟೈಪು ಮಾಡುತ್ತಿದ್ದವನು ಹೂರಾ ಬಡಾವಣೆಯ ಆಫೀಸಿನ ಗುಮಾಸ್ತ, ಅಂದರೆ ನಾನು. ಬೇಲಿ ಹಾಕಿದವರು ಊರಲ್ಲಿ, ಮೇಯುವವರು ಇಲ್ಲಿ. ನಡುವೆ ಬೇಲಿಬಾಗಿಲಿನ ದಣಪೆ ತೆಗೆದುಕೊಡುವ ಕೆಲಸ ನನ್ನದು.

ಆದರೂ ಒಂದು ದಾರಿ ಉಳಿದಿತ್ತು. ಮುದ್ರೆ ಬಿದ್ದ ಕರಾರಿನಷ್ಟು ಸಂಬಳ ಸಿಗುತ್ತಿಲ್ಲ ಎಂದು ಕೆಲಸಗಾರನೇ ಬಾಯಿಬಿಟ್ಟು ಹೇಳಿದರೆ ಲೇಬರ್ ಅಧಿಕಾರಿ ಬರೆದುಕೊಳ್ಳಲೇಬೇಕಿತ್ತು. ಕಂಪನಿಯಲ್ಲಿ ಎಲ್ಲರಿಗೂ ಭಯವಿದ್ದದ್ದು ಆ ಒಂದು ಮಾತಿಗೆ.

ಅಧಿಕಾರಿ ಬಂದ ದಿನ ನಿಮಗೆ ನೆನಪಿದೆ. ಇನ್ನೂ ಚಿಕ್ಕ ವಯಸ್ಸಿನವರು, ಉದ್ದನೆಯ ಬಿಳಿ ತೋಬಿನಂಗಿಯ ತೋಳು ಮಡಚಿಕೊಂಡು ಅಡಿಗೆಮನೆ, ಕಕ್ಕಸು ಎಲ್ಲವನ್ನೂ ತಾವೇ ನೋಡಿದರು. ಅವರ ಜೊತೆ ದುಭಾಷಿ ಇರಲಿಲ್ಲ. ನಮ್ಮವನೇ ಇದ್ದಾನೆ ಎಂದು ಮ್ಯಾನೇಜರು ನನ್ನನ್ನು ಮುಂದೆ ತಳ್ಳಿದರು. ಸಂಬಳ ಸರಿಯಾಗಿ ಸಿಗುತ್ತದೆಯೇ ಎಂದು ಅಧಿಕಾರಿ ಸಾಲಿನಲ್ಲಿದ್ದವರನ್ನೆಲ್ಲ ಕೇಳಿದರು. ಒಬ್ಬೊಬ್ಬರೂ ತಲೆ ತಗ್ಗಿಸಿ ಹೌದೆಂದರು. ನೀವು ತಗ್ಗಿಸಲಿಲ್ಲ.

"ಕಾಗದದಗೆ ಬರ್ದದ್ ಒಂದ್, ಕೈಗ್ ಕೊಡುದ್ ಒಂದ್. ನಂಗ್ ಒಬ್ಬನಿಗಲ್ಲ, ಎಲ್ಲರಿಗೂ ಹಾಂಗೇ. ಇವ್ರಿಗೆ ಸಮಾ ಹೇಳಿ ಸಾಹೇಬ್ರೆ, ಒಂದ್ ಅಕ್ಷರ ಬಿಡ್ಬೇಡಿ."

ನೀವು ಹೆಮ್ಮಾಡಿಯವರು, ನಾನು ಗಂಗೊಳ್ಳಿಯವನು. ಊರಲ್ಲಾದರೆ ಒಂದು ಬಸ್ಸಿನ ದಾರಿ. ಅಲ್ಲಿ, ಆ ಬಿಸಿಲಿನಲ್ಲಿ, ಅದು ಒಂದೇ ಮನೆ ಎಂದ ಹಾಗೆ. ನನ್ನನ್ನು ಕಂಡದ್ದರಿಂದಲೇ ಮಾತಾಡುವ ಧೈರ್ಯ ಬಂತು ಎಂದು ಆಮೇಲೆ ನೀವೇ ಹೇಳಿದಿರಿ. ಬೇರೆ ಯಾವನೋ ದುಭಾಷಿ ನಿಂತಿದ್ದರೆ ನೀವೂ ಉಳಿದವರ ಹಾಗೆ ತಲೆಯಾಡಿಸುತ್ತಿದ್ದಿರೋ ಏನೋ, ಕೆಲಸವಾದರೂ ಉಳಿಯುತ್ತಿತ್ತೋ ಏನೋ —

ಅಧಿಕಾರಿ ನನ್ನ ಮುಖ ನೋಡಿದರು. ಸುಳ್ಳು ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಮ್ಯಾನೇಜರು ಬಾಗಿಲ ಬಳಿ ಮೊಬೈಲು ಒತ್ತುತ್ತಾ ನಿಂತಿದ್ದರು, ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಾಹೂಝ್‌ನ ಕಂಪನಿ ಫ್ಲ್ಯಾಟು, ಹೆಂಡತಿ ಮಕ್ಕಳ ವೀಸಾ, ಇವೆಲ್ಲ ಆ ಕ್ಷಣದಲ್ಲಿ ಕಣ್ಣಮುಂದೆ ಬಂದವು ಎಂದು ಬರೆದರೆ ಚೆನ್ನಾಗಿರುತ್ತದೆ. ಬಂದಿರಲಿಲ್ಲ. ಯೋಚಿಸುವ ಮುಂಚೆಯೇ ನಾಲಿಗೆ ಹೊರಳಿತ್ತು. ಅಷ್ಟು ಪಳಗಿಹೋಗಿದ್ದೆ.

ನೀವು ಕೈ ಬೀಸಿ, ದನಿ ಏರಿಸಿ ಮಾತಾಡಿದ್ದಿರಿ. ಆ ಸಿಟ್ಟಿಗೆ ಹೊಂದುವ ಒಂದು ದೂರು ಬೇಕಲ್ಲ? ಹುಡುಕಿದೆ. ಸಂಬಳ ಪೂರ್ತಿ ಸಿಗುತ್ತದಂತೆ, ಆದರೆ ದಿನಾ ನೀರಿನಂಥ ಬೇಳೆ ಸಾರು, ಕರಾವಳಿಯ ಜನ ನಾವು ಮೀನಿಲ್ಲದೆ ಉಣ್ಣುವುದು ಹೇಗೆ ಎಂದು ಕೇಳುತ್ತಿದ್ದಾನೆ — ಹೀಗೆ ಅರಬಿಯಲ್ಲಿ ಸರಾಗವಾಗಿ ಹೇಳಿದೆ. ಅಧಿಕಾರಿ ನಕ್ಕರು. ನಾವೂ ದ್ವೀಪದವರೇ, ಆ ಕಷ್ಟ ನಮಗೂ ಗೊತ್ತು ಎಂದು ನಿಮ್ಮ ಭುಜ ತಟ್ಟಿದರು. ತಟ್ಟಿದ್ದನ್ನು ಕಂಡು ನೀವೂ ನಕ್ಕಿರಿ. ನಿಮ್ಮ ಮಾತು ಅವರಿಗೆ ತಲುಪಿತೆಂದುಕೊಂಡಿರಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಮಾತು ಬಲ್ಲವನು.

ಇಲ್ಲಿಗೆ ನಿಲ್ಲಿಸಿದ್ದರೆ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ಅಧಿಕಾರಿಯ ಕಾರು ಗೇಟು ದಾಟಿದ ಮೇಲೆ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಅರಬಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಬೇಳೆ ಸಾರಿಗೆ ಯಾರೂ ಅಷ್ಟು ಕೂಗಾಡುವುದಿಲ್ಲ, ನಿಜವಾಗಿ ಅವನು ಏನೆಂದ ಎಂದು ಹಿಂದಿಯಲ್ಲಿ ಕೇಳಿದರು. ಹೇಳಿದೆ. ನೀವು ಕೇಳಿಕೊಂಡಂತೆಯೇ, ಒಂದಕ್ಷರ ಬಿಡದೆ ಹೇಳಿದೆ. ಕೇಳಬೇಕಾದವರಿಗೆ ಸುಳ್ಳು, ಕೇಳಬಾರದವರಿಗೆ ಸತ್ಯ! ಹೀಗೆ ಸತ್ಯಸಂಧನಾದವನು ಇನ್ನೊಬ್ಬನಿದ್ದಾನೋ ನನಗೆ ಗೊತ್ತಿಲ್ಲ.

ಮುಂದಿನ ಶುಕ್ರವಾರದಿಂದ ಕ್ಯಾಂಪಿನಲ್ಲಿ ಮೀನು ಸಾರು ಶುರುವಾಯಿತು. ಊಟ ಸುಧಾರಿಸಬೇಕೆಂದು ಅಧಿಕಾರಿ ಬರೆದು ಹೋಗಿದ್ದರು, ಕಂಪನಿ ಪಾಲಿಸಿತು. ಕಾನೂನು ಜಾರಿಯಾಗುವುದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಹುಡುಗರು ತಟ್ಟೆ ಹಿಡಿದು ಸಾಲಾಗಿ ನಿಂತು ಶೀನಣ್ಣ ಮಾತಾಡಿದ್ದಕ್ಕೆ ಇಷ್ಟಾದರೂ ಸಿಕ್ಕಿತು ಎಂದು ನಿಮ್ಮನ್ನು ಹೊಗಳುತ್ತಿದ್ದರು. ಸಂಬಳ ಕೇಳಿದರೆ ಮೀನು ಯಾಕೆ ಕೊಟ್ಟರೆಂದು ನಿಮಗೆ ಅರ್ಥವಾಗಲಿಲ್ಲ. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ತಿಂಗಳು ತುಂಬುವ ಮೊದಲೇ ಕೆಲಸ ಕಡಿಮೆಯಾಗಿದೆ ಎಂಬ ನೆಪದಲ್ಲಿ ನಿಮ್ಮ ವೀಸಾ ಕ್ಯಾನ್ಸಲ್ ಆಯಿತು. ಆ ಕಾಗದ ಸಿದ್ಧಮಾಡಿದ್ದೂ ನಾನೇ. ಏರ್‌ಪೋರ್ಟಿಗೆ ಬಿಡಲು ಬಂದವನೂ ನಾನೇ. ದಾರಿಯಲ್ಲಿ ನೀವು ಬೇರೇನೂ ಕೇಳಲಿಲ್ಲ, ಆ ಆಫೀಸರ್ ಕೊನೆಗೆ ಎಂತ ಅಂದರು ಎಂದು ಮಾತ್ರ ಕೇಳಿದಿರಿ. ಬರೆದುಕೊಂಡಿದ್ದಾರೆ, ಆದರೆ ಅವರ ದೇಶ, ಅವರ ಕಾನೂನು, ನಮ್ಮ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂದೆ. ನೀವು ನನ್ನ ಕೈ ಹಿಡಿದುಕೊಂಡಿರಿ.

"ನೀವಾದ್ರೂ ನನ್ ಪರ ಹೇಳಿದ್ರಲ ಸಾಹೇಬ್ರೆ, ಅಷ್ಟ್ ಸಾಕ್."

ಆಗ ಹೇಳಬಹುದಿತ್ತು. ಅಧಿಕಾರಿಯ ಕಚೇರಿ ಅದೇ ದಾರಿಯಲ್ಲಿತ್ತು, ಕಾರು ತಿರುಗಿಸಿದ್ದರೆ... ತಿರುಗಿಸಲಿಲ್ಲ.

ನಿಮ್ಮ ಮಗಳು ಸುಜಾತಾ ನರ್ಸಿಂಗ್ ಓದುವುದನ್ನು ಅರ್ಧಕ್ಕೆ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಸೇರಿದಳೆಂದು ಮರುವರ್ಷ ಊರಿಗೆ ಬಂದಾಗ ಕೇಳಿದೆ. ಗೇರುಸಿಪ್ಪೆಯ ಎಣ್ಣೆಗೆ ಅವಳ ಬೆರಳು ಕಪ್ಪಾಗಿರುವುದನ್ನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನೇ ನೋಡಿದೆ. ಅವಳೇ ಬಂದು ಮಾತಾಡಿಸಿದಳು. ಅಪ್ಪನಿಗೆ ಅಲ್ಲಿ ನೀವೊಬ್ಬರೇ ಆಸರೆಯಾಗಿದ್ದಿರಂತೆ ಎಂದಳು. ನಾನು ಬೇಡವೆನ್ನದೆ ಆ ಮಾತನ್ನು ತೆಗೆದುಕೊಂಡೆ.

ಈಗ ನಾನೂ ಊರಿಗೆ ಬಂದು ಕೂತಿದ್ದೇನೆ. ಹೋದ ವಾರ ನೀವು ಸುಜಾತಾಳ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿರಿ. ಅವನಿಗೂ ಬಹ್ರೈನಿನ ವೀಸಾ ಬಂದಿದೆ, ಬುದ್ಧಿ ಹೇಳಿ ಎಂದಿರಿ. ನಾನು ಬಾಯಿ ತೆಗೆಯುವ ಮುಂಚೆ ನೀವೇ ಹೇಳಿದಿರಿ.

"ಅಲ್ಲ್ ಹೋದ್ ಮೇಲೆ ಬಾಯ್ ಮುಚ್ಕಂಡಿರ್. ನಾನ್ ಸರಕಾರದೋರಿಗೇ ಹೇಳಿ ಕಂಡಿದ್ದೆ, ಎಂತದೂ ಆತಿಲ್ಲ. ಬೇಕಾರೆ ಸಾಹೇಬ್ರನ್ನೇ ಕೇಣ್."

ಅವನು ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಆ ಮಾತನ್ನು ನೀವು ಎಷ್ಟು ಜನರಿಗೆ ಹೇಳಿರಬಹುದು, ಶೀನಣ್ಣ? ಹೆಮ್ಮಾಡಿಯಿಂದ ಗಲ್ಫಿಗೆ ಹೋದವರೆಲ್ಲ ನಿಮ್ಮ ಅನುಭವ ಕೇಳಿಕೊಂಡೇ ಹೋದವರು. ಅದು ನಿಮ್ಮ ಅನುಭವವಲ್ಲ, ನನ್ನ ಸುಳ್ಳು. ಅಧಿಕಾರಿ ನಿಮ್ಮ ಮಾತು ಕೇಳಿ ತಳ್ಳಿಹಾಕಲಿಲ್ಲ. ಅದು ಅವರ ಕಿವಿಗೆ ಬೀಳಲೇ ಇಲ್ಲ. ಬಿದ್ದಿದ್ದರೆ ಏನಾಗುತ್ತಿತ್ತು — ನನಗೂ ಗೊತ್ತಿಲ್ಲ. ಯಾರಿಗೂ ಎಂದೂ ಗೊತ್ತಾಗದ ಹಾಗೆ ಮಾಡಿದವನು ನಾನು.

ಅಳಿಯ ಹೊರಡುವ ಮೊದಲು ನಿಮ್ಮ ಮನೆಗೆ ಬರುತ್ತೇನೆ. ಸುಜಾತಾಳೂ ಇರಲಿ. ಬೆಲ್ಲ-ನೀರು ತರಿಸಬೇಡಿ, ಕುರ್ಚಿ ಹಾಕಬೇಡಿ. ಇಲ್ಲಿ ಬರೆದದ್ದನ್ನೆಲ್ಲ ಅಂಗಳದಲ್ಲಿ ನಿಂತೇ ಬಾಯಿಬಿಟ್ಟು ಹೇಳಿ ಹೋಗುತ್ತೇನೆ.