ಅಮ್ಮ ಸ್ಟೂಲು ಗೆದ್ದ ಶನಿವಾರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಇದ್ದದ್ದು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಎಂಬ ಬಡಾವಣೆಯಲ್ಲಿ. ಅಪ್ಪ ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್. ಈಗಿನಂತೆ ಕಾರು ತಿರುಗಿಸಿದ ಕಡೆಯೆಲ್ಲ ಇಂಡಿಯನ್ ಅಂಗಡಿ ಇರಲಿಲ್ಲ. ಕರಿಬೇವಿನ ಮುಖ ನೋಡಬೇಕಾದರೆ ಊರಿನಿಂದ ಯಾರಾದರೂ ಬರಬೇಕಿತ್ತು. ಇಡೀ ಬೀದಿಯಲ್ಲಿ ಕನ್ನಡ ಮಾತಾಡುವವರು ನಾವು ಮೂವರೇ. ನಮ್ಮ ಮನೆಯ ಒಗ್ಗರಣೆಯ ಘಾಟು ಎದ್ದರೆ ಬೇಲಿಯಾಚೆಯಿಂದ ದೊಡ್ಡದೊಂದು ಸೀನು ಕೇಳಿಸುತ್ತಿತ್ತು. ಅದು ಪಕ್ಕದ ಮನೆಯ ಜರ್ಮನ್ ತಾತನದು.

ಅವರು ನಮ್ಮ ಸ್ವಂತ ತಾತನಲ್ಲ. ಹ್ಯಾಂಬರ್ಗಿನಿಂದ ಮಗಳ ಮನೆಗೆಂದು ಬಂದು ಇಲ್ಲೇ ಉಳಿದವರು. ಎತ್ತರದ ಆಳು, ಎಡಗೈಯ ಕಿರುಬೆರಳು ಅರ್ಧವೇ ಇತ್ತು. ಸೀನು ಮುಗಿಸಿ, ಮೂಗು ಒರೆಸಿಕೊಂಡು, ನೇರ ನಮ್ಮ ಅಡುಗೆಮನೆಗೆ ಬಂದು ಕೂರುತ್ತಿದ್ದರು. ಅಮ್ಮನ ಕಾಫಿ ಎಂದರೆ ಅವರಿಗೆ ಪ್ರಾಣ. ಜರ್ಮನ್ ವಾಸನೆಯ ಇಂಗ್ಲಿಷಿನಲ್ಲಿ ಅವರು ಕಥೆ ಹೇಳುತ್ತಿದ್ದರು, ನಾನು ಅದನ್ನು ಅಮ್ಮನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಬಾಯಿ ಬಿಡಲು ಸಂಕೋಚ.

ತಾತನ ಕಥೆಯಲ್ಲಿ ರಾಜರಿರಲಿಲ್ಲ, ಹಡಗುಗಳಿದ್ದವು. ಮೀಸೆ ಮೂಡುವ ಮೊದಲೇ ಅವರು ಹಡಗು ಕಟ್ಟುವ ಕಾರ್ಖಾನೆ ಸೇರಿದ್ದರು. ಬೆರಳು ಹೋದದ್ದು ಅಲ್ಲಿಯೇ. ಕೈ ಕೆಟ್ಟವನಿಗೆ ಇಲ್ಲಿ ಕೆಲಸವಿಲ್ಲ ಎಂದು ಮೇಲಿನವರು ಹೇಳಿದಾಗ ಜೊತೆಯವರೆಲ್ಲ ಸುತ್ತಿಗೆ ಕೆಳಗಿಟ್ಟು ನಿಂತರಂತೆ. ಕೆಲಸ ಉಳಿಯಿತು, ತಾತ ಕಾರ್ಮಿಕ ಸಂಘ ಸೇರಿದರು. ಮುಂದೆ ಅವರ ದೇಶದಲ್ಲಿ ಸರ್ವಾಧಿಕಾರ ಬಂತು. ಸಂಘಗಳನ್ನೆಲ್ಲ ಮುಚ್ಚಿಸಿ, ತಾತನನ್ನೂ ಜೈಲಿಗೆ ಹಾಕಿದರು. ಯುದ್ಧ ಮುಗಿದು ಊರೇ ಇಟ್ಟಿಗೆಯ ರಾಶಿಯಾಗಿದ್ದಾಗ ತಾತ ಮುರಿದ ಗೋಡೆಯ ಪಕ್ಕದಲ್ಲಿ ನಿಂತು ಮತ್ತೆ ಸಂಘ ಕಟ್ಟಿದರು. ಹಡಗು ಕಾರ್ಖಾನೆಗಳ ಸಾವಿರಾರು ಜನಕ್ಕೆ ನಾಯಕರಾದರು. ಅವರಿಗೆ ಎಲ್ಲಕ್ಕಿಂತ ಹೆಮ್ಮೆಯ ಗೆಲುವು ಶನಿವಾರದ ರಜೆ. ರಜೆ ಸಿಕ್ಕ ಮೊದಲ ಶನಿವಾರ ಮಗಳನ್ನು ನದಿಗೆ ಕರೆದುಕೊಂಡು ಹೋದರಂತೆ. "ಅವಳಿಗೆ ಈಜು ಬರುತ್ತೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು" ಎನ್ನುವಾಗ ಅವರ ದನಿ ಇಳಿಯುತ್ತಿತ್ತು.

ಆಗ ಅಮ್ಮ ಒಂದು ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೋಟೆಲು, ಆಸ್ಪತ್ರೆಗಳ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡುವ ಉದ್ದನೆಯ ಶೆಡ್ಡು ಅದು. ಹೊರಗೆ ಹ್ಯೂಸ್ಟನ್ನಿನ ಸೆಕೆ, ಒಳಗೆ ಹಬೆ. ಇಸ್ತ್ರಿ ಮಾಡುವ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಕೂತರೆ ಕೈ ನಿಧಾನವಾಗುತ್ತದೆ ಎಂಬುದು ಮಾಲೀಕರ ನಂಬಿಕೆ. ಅಮ್ಮ ಮನೆಗೆ ಬರುವಾಗ ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತು ಹೋಗಿರುತ್ತಿತ್ತು. ನಾನು ಬಿಸಿನೀರಿಗೆ ಉಪ್ಪು ಹಾಕಿ ತಂದಿಡುತ್ತಿದ್ದೆ.

ಒಂದು ದಿನ ಅಲ್ಲಿ ಬಸುರಿ ಹೆಂಗಸೊಬ್ಬಳು ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಇನ್ನೊಮ್ಮೆ ಕೂತರೆ ಕೆಲಸಕ್ಕೆ ಬರುವುದೇ ಬೇಡ ಎಂದರಂತೆ ಮಾಲೀಕರು. ಅವತ್ತು ರಾತ್ರಿ ಅಮ್ಮ ಊಟ ಮಾಡಲಿಲ್ಲ.

"ನೀನು ಕೆಲಸ ಬಿಟ್ಬಿಡು. ನಮಗೇನು ಕಮ್ಮಿಯಾಗಿದೆ?" ಎಂದರು ಅಪ್ಪ.

"ನಾನು ಬಿಡ್ತೀನಿ ರೀ. ಅವಳು ಹೇಗೆ ಬಿಡ್ತಾಳೆ?" ಎಂದಳು ಅಮ್ಮ.

ಮರುದಿನ ತಾತ ಎಲ್ಲವನ್ನೂ ಕೇಳಿಸಿಕೊಂಡು ಕಾಫಿ ಲೋಟ ಕೆಳಗಿಟ್ಟರು. "ಒಬ್ರೇ ಹೋಗಿ ಕೇಳ್ಬೇಡಿ. ಎಲ್ರೂ ಸೇರಿ ಒಂದೇ ವಿಷಯ ಕೇಳಿ. ಮಾತಾಡೋಕೆ ಮಾತ್ರ ಎಲ್ಲರಿಗಿಂತ ಕೊನೇಲಿ ಸಿಟ್ಟು ಬರೋರನ್ನ ಕಳಿಸಿ" ಎಂದರು. ಹೆಂಗಸರೆಲ್ಲ ಸೇರಿ ಅಮ್ಮನನ್ನೇ ಆರಿಸಿದರು. ಅಮ್ಮನ ಮಾತನ್ನು ಇಂಗ್ಲಿಷ್ ಮಾಡಲು ನಾನು ಹೋಗಬೇಕಾಯಿತು.

ಶನಿವಾರ ಬೆಳಿಗ್ಗೆ ತಾತನೇ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಒಳಗೆ ಬನ್ನಿ ಎಂದು ಅಮ್ಮ ಕರೆದರೆ, "ಅಲ್ಲಿ ನಿಂತು ಕಾಲು ನೋವು ಮಾಡ್ಕೊಂಡೋರು ನೀವು. ಮಾತೂ ನಿಮ್ದೇ ಆಗ್ಲಿ" ಎಂದು ಕಾರಿನಲ್ಲೇ ಉಳಿದರು. ಶೆಡ್ಡಿನಲ್ಲಿ ಸೋಪಿನ ವಾಸನೆ, ಸುಟ್ಟ ಬಟ್ಟೆಯ ವಾಸನೆ. ಹೆಂಗಸರೆಲ್ಲ ಇಸ್ತ್ರಿ ಪೆಟ್ಟಿಗೆ ಆರಿಸಿ ಕೈ ಕಟ್ಟಿ ನಿಂತಿದ್ದರು. ಮಾಲೀಕರ ಕೋಣೆಯ ಗಾಜಿನಿಂದ ಅವರೆಲ್ಲ ಕಾಣುತ್ತಿದ್ದರು, ಅವರ ಹಿಂದೆ ಬೆಟ್ಟದಂತಿದ್ದ ಬಟ್ಟೆಯ ರಾಶಿಯೂ ಕಾಣುತ್ತಿತ್ತು. ಇಷ್ಟೂ ಜನರನ್ನು ಮನೆಗೆ ಕಳಿಸಿಬಿಟ್ಟರೆ ಏನು ಗತಿ ಎಂದು ನಾನು ಅಮ್ಮನ ಸೆರಗು ಹಿಡಿದುಕೊಂಡೆ.

ಎಲ್ಲರಿಗೂ ಕೂರಲು ಸ್ಟೂಲು ಬೇಕು ಎಂದಳು ಅಮ್ಮ. ನಾನು ಹೇಳಿದೆ. ಮಾಲೀಕರು ಗಲ್ಲ ಉಜ್ಜಿಕೊಂಡು, ಬಸುರಿ ಹೆಂಗಸಿಗೆ ಒಂದು ಸ್ಟೂಲು ಕೊಡುತ್ತೇನೆ ಎಂದರು.

ಈಗ ಕೇಳಿ, ಮಕ್ಕಳೇ. ನಮ್ಮ ಕಡೆಯವರಿಗೆ ಒಂದು ಅಭ್ಯಾಸವಿದೆ. ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲಕ್ಕೇ ಹೂಂ ಎನ್ನುವ ಹಾಗಿಲ್ಲ. ಹೊಟ್ಟೆ ಹಸಿದಿದ್ದರೂ ಬೇಡ ಎನ್ನಬೇಕು, ಅವರು ಬಲವಂತ ಮಾಡಬೇಕು, ಆಮೇಲೆ ತೆಗೆದುಕೊಳ್ಳಬೇಕು. ಆ ಗಾಬರಿಯಲ್ಲಿ ಅಮ್ಮನ ಬಾಯಿಂದ ಅದೇ ಬಂದುಬಿಟ್ಟಿತು. "ಅಯ್ಯೋ, ಬೇಡಿ. ಯಾಕೆ ಸುಮ್ನೆ ನಿಮಗೆ ತೊಂದರೆ?"

ಈ ಉಪಚಾರದ ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಬೇಡವಂತೆ ಎಂದಷ್ಟೇ ಹೇಳಿದೆ.

ಮಾಲೀಕರು ಗಾಜಿನಾಚೆ ನೋಡಿದರು. ಯಾರೂ ಕದಲಿರಲಿಲ್ಲ. ಸರಿ, ಇಬ್ಬರಿಗೊಂದು ಸ್ಟೂಲು, ಸರದಿಯ ಮೇಲೆ ಕೂರಲಿ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು ನಾಚಿಕೆಯಿಂದ ನಕ್ಕಳು. "ಪರವಾಗಿಲ್ಲ, ಬೇಡಿ." ಬೇಡವಂತೆ ಎಂದೆ ನಾನು. ಆ ನಗು ಅವರಿಗೆ ಹೇಗೆ ಕಂಡಿತೋ ಏನೋ, ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಎಲ್ಲರಿಗೂ ಒಂದೊಂದು ಸ್ಟೂಲು, ಜೊತೆಗೆ ಗೋಡೆಗೆ ಎರಡು ದೊಡ್ಡ ಫ್ಯಾನು. ಇನ್ನೇನೂ ಕೇಳಬೇಡಿ, ಇಸ್ತ್ರಿ ಶುರು ಮಾಡಿ ಎಂದರು.

"ಇಷ್ಟು ಹೇಳ್ತಿದ್ದೀರಿ ಅಂದ್ಮೇಲೆ ಇಲ್ಲ ಅನ್ನೋಕಾಗುತ್ತಾ?" ಎಂದಳು ಅಮ್ಮ. ಆಗಬಹುದಂತೆ ಎಂದು ನಾನು ಕಿರುಚಿಯೇಬಿಟ್ಟೆ.

ಆ ಹೆಂಗಸರು ಅಮ್ಮನನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ. ಬಸುರಿ ಹೆಂಗಸು ಅಮ್ಮನ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಕಾರಿನಲ್ಲಿ ನಾನು ಎಲ್ಲವನ್ನೂ ಒಂದೂ ಬಿಡದೆ ವರದಿ ಮಾಡಿದೆ. ತಾತನ ಕಣ್ಣು ಅರಳಿತು. "ಜೀವಮಾನವೆಲ್ಲ ಮಾಲೀಕರ ಎದುರು ಕೂತು ಮಾತಾಡಿದೀನಿ. ಹೀಗೆ ನಗ್ತಾ ನಗ್ತಾ ಬೇಡ ಅನ್ನೋ ಗಟ್ಟಿಗರನ್ನ ನೋಡ್ಲೇ ಇಲ್ಲ" ಎಂದು ಅಮ್ಮನಿಗೆ ಟೋಪಿ ತೆಗೆದು ತಲೆಬಾಗಿದರು.

"ಮೊದಲ್ನೇ ಸಲಕ್ಕೇ ಹೂಂ ಅನ್ನೋಕೆ ನಾಚಿಕೆ ಆಯ್ತು ಅಂತ ಅವರಿಗೆ ಹೇಳ್ಬೇಡ ಕಣೇ" ಎಂದಳು ಅಮ್ಮ ನನ್ನ ಕಿವಿಯಲ್ಲಿ. ಅದೊಂದನ್ನು ನಾನು ಇಂಗ್ಲಿಷ್ ಮಾಡಲಿಲ್ಲ.

ಈಗ ನಾವಿರುವ ಫ್ರಿಸ್ಕೋದಲ್ಲಿ ಮನೆಗೆ ಮನೆ ಕನ್ನಡದವರೇ. ನೀವೋ, ಆಂಟಿ ಮೈಸೂರುಪಾಕಿನ ಡಬ್ಬಿ ತೆರೆಯುವ ಮೊದಲೇ ಯೆಸ್ ಪ್ಲೀಸ್ ಎನ್ನುವ ಘಾಟಿಗಳು. ಎನ್ನಿ, ನನಗೇನೂ ಬೇಜಾರಿಲ್ಲ. ಹೋದ ತಿಂಗಳು ನಿಮ್ಮಮ್ಮ ಡ್ರೈವ್ ಮಾಡಿಕೊಂಡು ನನ್ನನ್ನು ಆಸ್ಟಿನ್ನಿಗೆ ಕರೆದೊಯ್ದಾಗ, ಅಲ್ಲಿನ ಡೊಮೇನ್ ಎಂಬ ಬಡಾವಣೆಯಲ್ಲಿರುವ ತನ್ನ ಆಫೀಸು ತೋರಿಸಿದಳು. ಅಲ್ಲಿ ಗುಂಡಿ ಒತ್ತಿದರೆ ಮೇಜು ಮೇಲೇಳುತ್ತದೆ. ಪಕ್ಕದಲ್ಲಿ ಒಳ್ಳೆಯ ಕುರ್ಚಿ ಇದ್ದರೂ, ನಿಂತರೆ ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ ನಿಂತು ಕೆಲಸ ಮಾಡುತ್ತಾರೆ! ನನಗೆ ನಗು ತಡೆಯಲಾಗಲಿಲ್ಲ. ಯಾಕಮ್ಮ ನಗ್ತೀಯ ಎಂದು ಅವಳು ಕೇಳಿದಳು. ಸ್ವಲ್ಪ ಹೊತ್ತಿಗೆ ತನ್ನ ಕಾಲು ನೋಯಲಾರಂಭಿಸಿದಾಗ, ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ, ಅವಳು ಕುರ್ಚಿ ಎಳೆದುಕೊಂಡು ಕೂತಳು. ಅದನ್ನು ನೋಡಿ ನನ್ನ ಕಣ್ಣು ತುಂಬಿತು.