ಎರಡು ಕೊಂಡಿಯ ಗಾಡಿ

ಇಂಜಿನ್ ಯಜಮಾನರು ಅಂತ ಹೆಸರು ಬಿದ್ದಿದ್ದರೂ ಅವರು ರೈಲು ಓಡಿಸಿದವರಲ್ಲ. ಅವರು ಮಾಡುತ್ತಿದ್ದದ್ದು ಅಂಗೈ ಮೇಲೆ ಕೂರುವ ಇಂಜಿನ್ನುಗಳನ್ನು. ಸೈಕಲ್ ರಿಪೇರಿ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ ಇತ್ತು. ಅದರಲ್ಲಿ ಹಿಂದಕ್ಕೆ ಹೋದರೆ ಅವರ ಕಾರ್ಖಾನೆ. ಕಾರ್ಖಾನೆ ಅನ್ನುವುದು ಅವರ ಮಾತು. ಹೆಂಡತಿ ಅದನ್ನು ‘ಆ ಎರಡು ರೂಮು’ ಅನ್ನುತ್ತಿದ್ದರು. ಒಂದು ರೂಮಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತಳ್ಳುವ ಕೈ ಪ್ರೆಸ್ಸು, ಇನ್ನೊಂದರಲ್ಲಿ ಉದ್ದ ಮೇಜು, ಕತ್ತು ಬಗ್ಗಿಸುವ ದೀಪಗಳು, ಗಾಲಿ, ಮೋಟಾರು, ತಂತಿ ತುಂಬಿದ ಬಿಸ್ಕತ್ತಿನ ಡಬ್ಬಗಳು. ಹೊಸಬರು ಯಾರಾದರೂ ಬಂದು ಇದೆಲ್ಲ ಆಟಿಕೆಯೇ ಅಂತ ಕೇಳಿದರೆ ಯಜಮಾನರು ಮುಖ ಗಂಟು ಹಾಕಿಕೊಂಡು ಪ್ರೆಸ್ಸಿನ ಕಡೆ ತಿರುಗುತ್ತಿದ್ದರು.

ಅವರ ಗಿರಾಕಿಗಳ ಪ್ರಪಂಚವೇ ಪುಟ್ಟದು. ಇಡೀ ದೇಶ ಜಾಲಾಡಿದರೂ ಕೆಲವು ನೂರು ಜನ ಸಿಕ್ಕಾರು. ಮನೆಯ ಒಂದು ರೂಮಿನಲ್ಲಿ ಹಲಗೆ ಹಾಸಿ, ಹಳಿ ಜೋಡಿಸಿ, ಗುಡ್ಡ ಕಟ್ಟಿ, ಸ್ಟೇಷನ್ ನಿಲ್ಲಿಸಿ, ಅದರ ಮೇಲೆ ರೈಲು ಬಿಟ್ಟು ಗಂಟೆಗಟ್ಟಲೆ ನೋಡುತ್ತ ಕೂರುವವರು. ಇಷ್ಟು ಜನರಿಗೆ ದೊಡ್ಡ ಕಂಪನಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಉಕ್ಕಿನಲ್ಲಿ ಒಂದು ಅಚ್ಚು ಕಡಿಯುವುದೆಂದರೆ ತಿಂಗಳುಗಟ್ಟಲೆ ಕೆಲಸ. ಕಡಿದ ಮೇಲೆ ಕೊಳ್ಳುವವರಿಲ್ಲದಿದ್ದರೆ ಅಚ್ಚು ಬಾಗಿಲಿಗೆ ಅಡ್ಡ ಇಡುವುದಕ್ಕಷ್ಟೇ ಲಾಯಕ್ಕು. ಅದಕ್ಕೇ ಯಜಮಾನರು ಮೊದಲು ಇಂಥ ಇಂಜಿನ್ ಮಾಡೋಣ ಅಂದುಕೊಂಡಿದ್ದೇನೆ ಅಂತ ಸುದ್ದಿ ಬಿಡುತ್ತಿದ್ದರು. ಬೇಕು ಅನ್ನುವವರು ಹೆಸರು ಕೊಡಬೇಕು. ಸಾಕಷ್ಟು ಹೆಸರು ಕೂಡುವವರೆಗೂ ಉಕ್ಕಿಗೆ ಉಳಿ ತಾಗಿಸುತ್ತಿರಲಿಲ್ಲ. ಹೆಸರು ಕೊಟ್ಟವರೋ, ಕೊಟ್ಟ ಮರುದಿನದಿಂದಲೇ ಫೋನು ಮಾಡಿ ತಲೆ ತಿನ್ನಲು ಶುರು. ಒಬ್ಬರಿಗೆ ದೀಪ ಸೊಟ್ಟಗಿದೆ ಅನ್ನಿಸುತ್ತದೆ, ಒಬ್ಬರಿಗೆ ಕಿಟಕಿ ಒಂದು ಕಡಿಮೆ ಇದೆ ಅನ್ನಿಸುತ್ತದೆ. ಒಬ್ಬರು ಪಾರ್ಸೆಲನ್ನು ಆಫೀಸಿಗೇ ಕಳಿಸಿ, ಮನೆಯವಳಿಗೆ ತಿಳಿಯಬಾರದು ಅನ್ನುತ್ತಿದ್ದರು. ಆ ಮನೆಯವಳೇ ಒಂದು ದಿನ ಫೋನ್ ಮಾಡಿ, ಅವರ ಹುಟ್ಟುಹಬ್ಬಕ್ಕೆ ಕೊಡಬೇಕು, ಅವರ ಹತ್ತಿರ ಇಲ್ಲದ ಇಂಜಿನ್ ಯಾವುದಿದೆ ಅಂತ ಕೇಳಿದ್ದೂ ಉಂಟು.

ಯಜಮಾನರು ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿ ಅವರ ಹತೋಟಿಯಲ್ಲಿರಲಿಲ್ಲ. ಆ ಬಾಯಿಯಿಂದಲೇ ಅವರು ತಮ್ಮನನ್ನು ಕಳೆದುಕೊಂಡರು.

ಮೊದಲು ಅಣ್ಣತಮ್ಮ ಇಬ್ಬರೂ ಸೇರಿಯೇ ಕೆಲಸ ಮಾಡುತ್ತಿದ್ದವರು. ಅಣ್ಣ ಅಚ್ಚು ಕಡಿಯುತ್ತಿದ್ದ, ತಮ್ಮ ಬಣ್ಣ ಹಾಕುತ್ತಿದ್ದ. ಬೋಗಿಯ ಮೈಮೇಲೆ ಕಿಟಕಿಯ ಕೆಳಗೆ ಒಂದು ಹಳದಿ ಗೆರೆ ಬರುತ್ತದಲ್ಲ, ಅದನ್ನು ತಮ್ಮ ಕೈಯಲ್ಲೇ ಎಳೆಯುತ್ತಿದ್ದ, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಸಲಕ್ಕೆ. ಅವನು ಗೆರೆ ಎಳೆಯುವಾಗ ಪಕ್ಕದಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಂದು ವರ್ಷ ಗಿರಾಕಿಗಳ ಸಂಘದವರು ವರ್ಷಕ್ಕೊಮ್ಮೆ ಸೇರುವ ದಿನ, ಒಬ್ಬರು ಬೋಗಿಯನ್ನು ಬೆಳಕಿಗೆ ಹಿಡಿದು, “ಇಂಜಿನ್ ಹಾಗಿರಲಿ ಯಜಮಾನರೇ, ನಾನು ತಗೊಳ್ಳೋದು ಈ ಬಣ್ಣಕ್ಕೆ” ಅಂದರು. ತಮಾಷೆಗೆ ಅಂದದ್ದು. ಯಜಮಾನರಿಗೆ ಚುರುಕ್ಕೆಂದಿತು. ನಗುನಗುತ್ತಲೇ, ಎಲ್ಲರಿಗೂ ಕೇಳುವ ಹಾಗೆ ಅಂದರು:

“ಬಣ್ಣ ಬಳಿಯೋಕೆ ಯಾರಾದ್ರೂ ಸಿಕ್ತಾರೆ ಬಿಡಿ. ಅಚ್ಚು ಕಡಿಯೋರು ಸಿಗಬೇಕಲ್ಲ.”

ತಮ್ಮ ಅವರ ಬೆನ್ನ ಹಿಂದೆಯೇ ನಿಂತಿದ್ದ. ಕೈಯಲ್ಲಿದ್ದ ಬೋಗಿಯನ್ನು ಹಳಿಯ ಮೇಲೆ ಜೋಪಾನವಾಗಿ ಇಟ್ಟ. ಮುಂದಿನ ವಾರ ಪಾಲು ಕೇಳಿದ.

ಅದೂ ಎಂಥ ಪಾಲು. ಇಂಜಿನ್ನುಗಳ ಅಚ್ಚೆಲ್ಲ ಅಣ್ಣನಿಗೆ, ಬೋಗಿಗಳ ಅಚ್ಚೆಲ್ಲ ತಮ್ಮನಿಗೆ. ಎಣ್ಣೆ ಬಟ್ಟೆ ಸುತ್ತಿದ ಉಕ್ಕಿನ ಗಟ್ಟಿಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ತಮ್ಮ ಸೇತುವೆಯ ಆಚೆ ಹೋದ. ಅಲ್ಲಿ ಒಂದು ಮನೆಯನ್ನೂ ಅದಕ್ಕೆ ಅಂಟಿಕೊಂಡಿದ್ದ ಷೆಡ್ಡನ್ನೂ ಬಾಡಿಗೆಗೆ ಹಿಡಿದ. ಗಿರಾಕಿಗಳು ಅವನಿಗೆ ಬೋಗಿ ಯಜಮಾನರು ಅಂತ ಹೆಸರಿಟ್ಟರು. ಇಂಜಿನ್ ಇಲ್ಲಿ ಕೊಂಡು, ಬೋಗಿ ಅಲ್ಲಿ ಕೊಂಡು, ಮನೆಗೆ ಹೋಗಿ ಎರಡನ್ನೂ ಕೊಂಡಿ ಹಾಕಿ ಓಡಿಸುತ್ತಿದ್ದರು. ಕೊಂಡಿ ಒಂದೇ ಆಗಿತ್ತಲ್ಲ, ತೊಂದರೆ ಇರಲಿಲ್ಲ.

ಯಜಮಾನರಿಗೆ ಅದೇ ಸಹಿಸಲಾಗಲಿಲ್ಲ. ತಮ್ಮ ಬಂದು ಅಣ್ಣಾ ತಪ್ಪಾಯ್ತು ಅನ್ನುತ್ತಾನೆ ಅಂತ ಕಾದರು. ತಪ್ಪು ಯಾರದ್ದು ಅಂತ ಅವರ ಹೊಟ್ಟೆಗೆ ಗೊತ್ತಿತ್ತು, ಆದರೂ ಕಾದರು. ಅವನು ಬರಲಿಲ್ಲ. ಆಗ ಯಜಮಾನರು ಬೇರೆ ಯಾವ ಕಸುಬಿನವರಿಗೂ ಹೊಳೆಯದಂಥ ಒಂದು ಕೆಲಸ ಮಾಡಿದರು. ಇಂಜಿನ್ನಿನ ಕೊಂಡಿ ಬದಲಾಯಿಸಿದರು. ಹಳೆಯದು ಬಳೆಯ ಚೂರಿನ ಹಾಗೆ ಬಾಗಿತ್ತು. ಹೊಸದು ಚೌಕ, ಹಳೆಯದಕ್ಕಿಂತ ಕೂದಲೆಳೆಯಷ್ಟು ಮೇಲೆ. ಇದಕ್ಕೂ ಅದಕ್ಕೂ ಏನು ಮಾಡಿದರೂ ಸೇರದು. ಎಲ್ಲ ಅಚ್ಚುಗಳಲ್ಲೂ ಆ ಜಾಗವನ್ನು ಮತ್ತೆ ಕಡಿದರು. ‘ಸುಧಾರಿತ ಕೊಂಡಿ, ತಿರುವಿನಲ್ಲಿ ಕಳಚುವುದಿಲ್ಲ’ ಅಂತ ಸುದ್ದಿ ಬಿಟ್ಟರು. ತಿರುವೂ ಇಲ್ಲ, ಮಣ್ಣೂ ಇಲ್ಲ. ತನ್ನ ಇಂಜಿನ್ನು ತಮ್ಮನ ಬೋಗಿಯನ್ನು ಎಳೆಯಬಾರದು, ಅಷ್ಟೇ.

ಹೆಂಡತಿ ಒಂದು ದಿನ ಊಟಕ್ಕೆ ಕೂತಾಗ ಕೇಳಿದರು. “ರೀ, ಆ ಕೊಂಡಿ ಯಾಕೆ ಬದಲಾಯಿಸಿದ್ರಿ?”

“ಅದು ಟೆಕ್ನಿಕಲ್ ವಿಷಯ. ನಿನಗೆ ಗೊತ್ತಾಗಲ್ಲ.”

“ಗೊತ್ತಾಗಿದೆ. ಅದಕ್ಕೇ ಕೇಳಿದ್ದು.”

ಯಜಮಾನರು ತಟ್ಟೆ ನೋಡುತ್ತ ಊಟ ಮುಗಿಸಿದರು.

ವರ್ಷಗಳು ಉರುಳಿದವು. ಇಂಜಿನ್ನುಗಳು ಮೊದಲಿನಷ್ಟೇ ಖರ್ಚಾದವು. ಅಷ್ಟೇ ಅಲ್ಲ, ಬಿಡಿ ಸಾಮಾನಿನಲ್ಲಿ ಹೊಸ ಕೊಂಡಿಯ ಪೊಟ್ಟಣಗಳಿಗೆ ಎಲ್ಲಿಲ್ಲದ ಬೇಡಿಕೆ. ಸಂಘದ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಆಗಾಗ ಬಂದು ಒಂದು ಹಿಡಿ ಪೊಟ್ಟಣ ಒಯ್ಯುತ್ತಿದ್ದರು. ನನ್ನ ಕೊಂಡಿ ಜನಕ್ಕೆ ಹಿಡಿಸಿದೆ ಅಂತ ಯಜಮಾನರು ಬೀಗಿದರು. ಇಂಜಿನ್ನು ಕೊಂಡವರು ಅದರ ಹಿಂದೆ ಏನು ಕಟ್ಟಿ ಎಳೆಸುತ್ತಾರೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಅವರು ಬೋಗಿ ಮಾಡುತ್ತಿರಲಿಲ್ಲವಲ್ಲ. ಸಂಘದ ವಾರ್ಷಿಕ ಕೂಟಕ್ಕೂ ತಮ್ಮ ಬಂದಾನು ಅಂತ ಹೋಗುವುದನ್ನೇ ಬಿಟ್ಟಿದ್ದರು.

ಕೊನೆಗೆ ಒಂದು ಭಾನುವಾರ ಹಲ್ಲಿನ ಡಾಕ್ಟರು, ಹೊಸ ಸುರಂಗ ಮಾಡಿದ್ದೇನೆ ನೋಡಲೇಬೇಕು ಅಂತ ಮನೆಗೆ ಎಳೆದುಕೊಂಡು ಹೋದರು. ಮಹಡಿಯ ಮೇಲೆ ಎರಡು ರೂಮಿನ ನಡುವಿನ ಗೋಡೆಗೇ ತೂತು ಕೊರೆಸಿದ್ದರು. ತೂತಿನಿಂದ ಯಜಮಾನರ ಇಂಜಿನ್ನು ಬಂತು. ಅದರ ಬೆನ್ನಿಗೆ ಒಂದು ಪುಟ್ಟ ಸಾಮಾನಿನ ಗಾಡಿ. ಅದರ ಹಿಂದೆ ಉದ್ದಕ್ಕೆ, ಹಳದಿ ಗೆರೆಯ ಬೋಗಿಗಳು. ಯಜಮಾನರು ರೈಲು ನಿಲ್ಲಿಸಿ ಅಂದರು. ಸಾಮಾನಿನ ಗಾಡಿಯನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು. ಒಂದು ತುದಿಗೆ ಅವರ ಚೌಕ ಕೊಂಡಿ, ಇನ್ನೊಂದು ತುದಿಗೆ ಬಳೆಯ ಚೂರಿನಂಥ ಹಳೆಯದು. ಬಣ್ಣ ಯಾರದ್ದು ಅಂತ ಕೇಳಬೇಕಾಗಿರಲಿಲ್ಲ.

“ಇದು ಎಲ್ಲಿ ಸಿಕ್ತು?”

“ನಿಮ್ಮ ತಮ್ಮ ಕೊಡೋದು,” ಅಂದರು ಡಾಕ್ಟರು. “ಬೋಗಿ ತಗೊಂಡೋರಿಗೆಲ್ಲ ಒಂದೊಂದು ಕೊಡ್ತಾರೆ. ದುಡ್ಡು ಮುಟ್ಟಲ್ಲ. ಅಣ್ಣನ ಇಂಜಿನ್ ಬಿಡಬೇಡಿ, ಇದನ್ನ ನಡುವೆ ಹಾಕ್ಕೊಳ್ಳಿ ಅಂತಾರೆ. ನಾನು ನಿಮ್ಮ ಹತ್ರ ಕೊಂಡಿ ಪೊಟ್ಟಣ ಒಯ್ತಿದ್ದದ್ದು ಇದಕ್ಕೇ ಅಲ್ವಾ? ಯಾಕೆ, ನೀವಿಬ್ಬರೂ ಮಾತಾಡ್ಕೊಂಡೇ ಮಾಡ್ತಿದ್ದೀರಿ ಅಂದ್ಕೊಂಡಿದ್ವಿ ನಾವೆಲ್ಲ.”

ಯಜಮಾನರು ಗಾಡಿಯನ್ನು ಹಳಿಯ ಮೇಲೆ ಇಟ್ಟರು. ಗಾಲಿ ಹಳಿಗೆ ಕೂರಲು ಹೊತ್ತು ಹಿಡಿಯಿತು. ಇಷ್ಟು ವರ್ಷ ತಾನು ಮಾರಿದ ಒಂದೊಂದು ಇಂಜಿನ್ನೂ ಈ ಗಾಡಿಯ ದೆಸೆಯಿಂದ ಖರ್ಚಾದದ್ದು. ತಮ್ಮನ ಅಂಗಡಿ ಮುಚ್ಚಿಸಲು ಹೊರಟವರ ಅಂಗಡಿಯನ್ನು ತಮ್ಮನೇ ಸದ್ದಿಲ್ಲದೆ ನಡೆಸಿಕೊಟ್ಟಿದ್ದ.

“ಒಂದ್ಸಲ ಹೋಗಿ ಬನ್ನಿ,” ಅಂದರು ಡಾಕ್ಟರು. ಅಷ್ಟು ಹೊತ್ತಿಗೆ ಅವರಿಗೂ ವಿಷಯ ಅರ್ಥವಾಗಿತ್ತು.

“ಹೋಗ್ತೀನಿ. ಖಂಡಿತ ಹೋಗ್ತೀನಿ.”

ಅವತ್ತೇ ಹೋಗಬಹುದಿತ್ತು. ಬಸ್ಸು ಸೇತುವೆ ದಾಟಿದರೆ ತಮ್ಮನ ಮನೆ. ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು? ಇಬ್ಬರೂ ಸೇರಿ ಮೊಟ್ಟಮೊದಲು ಮಾಡಿದ ಇಂಜಿನ್ನನ್ನು, ಹಳೆಯ ಕೊಂಡಿ ಹಾಕಿ ಮಾಡಿಕೊಂಡು ಹೋಗಿ ಅವನ ಕೈಯಲ್ಲಿಡಬೇಕು. ಕ್ಷಮಿಸು ಅನ್ನುವುದನ್ನು ಆ ಇಂಜಿನ್ನೇ ಹೇಳಲಿ. ಯಜಮಾನರಿಗೆ ಇದು ಬಹಳ ಸೊಗಸಾದ ಯೋಚನೆ ಅನ್ನಿಸಿತು. ಬಾಯಿಂದ ಆದ ಗಾಯಕ್ಕೆ ಬಾಯಿಯನ್ನೇ ಬಳಸಬೇಕು ಅನ್ನುವುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಉಕ್ಕಿನಿಂದ ಕಡಿದು ತೆಗೆದದ್ದು ವಾಪಸ್ಸು ಬರುವುದಿಲ್ಲ. ಇಂಜಿನ್ನಿನ ಇಡೀ ಮೈಯ ಅಚ್ಚನ್ನು ಹೊಸದಾಗಿಯೇ ಮಾಡಬೇಕಾಯಿತು. ಮಾಡಿದರು. ಹೊಗೆ ಕೊಳವೆಯ ಅಂಚು ದಪ್ಪವಾಯಿತು ಅನ್ನಿಸಿತು, ಬಿಸಾಕಿ ಮತ್ತೆ ಮಾಡಿದರು. ಮೋಟಾರು ಗೊರಗೊರ ಅನ್ನುತ್ತಿತ್ತು, ಬದಲಾಯಿಸಿದರು. ಗಿರಾಕಿಗಳ ಕೆಲಸ ಮೂಲೆಗೆ ಬಿತ್ತು. ಹೆಂಡತಿ ನಾಲ್ಕಾರು ಸಲ ಹೇಳಿದರು: “ಇವತ್ತು ಸುಮ್ಮನೆ ಹೋಗಿ ಬನ್ನಿ. ಇಂಜಿನ್ ಆಮೇಲೆ ಕೊಟ್ಟರಾಯ್ತು.” ಅವರದ್ದು ಒಂದೇ ಉತ್ತರ: “ಮುಗೀಲಿ.”

ಕೊನೆಗೆ ಬಣ್ಣಕ್ಕೆ ಬಂದು ಸಿಕ್ಕಿಹಾಕಿಕೊಂಡರು. ತಮ್ಮ ಹೋದ ಮೇಲೆ ಅವರ ಇಂಜಿನ್ನುಗಳಿಗೆಲ್ಲ ಸ್ಪ್ರೇ ಹೊಡೆದು ಸ್ಟಿಕ್ಕರ್ ಅಂಟಿಸುವುದೇ ಆಗಿತ್ತು. ಈ ಇಂಜಿನ್ನಿಗೆ ಗೆರೆ ಕೈಯಲ್ಲೇ ಆಗಬೇಕು. ಬೋರ್ಡು ಬರೆಯುವವನನ್ನು ಕರೆಸಿದರು. ಅವನು ಎಳೆದ ಗೆರೆ ರಸ್ತೆಯಷ್ಟು ಅಗಲ ಬಂತು. ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವವರೊಬ್ಬರು ಬಂದು, ನೋಡಿ, ನನ್ನ ಕೈಲಾಗಲ್ಲ ಅಂತ ಮರ್ಯಾದೆಯಾಗಿ ಹೇಳಿ ಹೋದರು. ಯಜಮಾನರೇ ಕುಂಚ ಹಿಡಿದರು. ಬಳಿದರು, ಒರೆಸಿದರು, ಮತ್ತೆ ಬಳಿದರು. ಇಷ್ಟರಲ್ಲಿ ವರ್ಷವೇ ಕಳೆದಿತ್ತು.

ಇಂಜಿನ್ನನ್ನು ಹತ್ತಿಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಬಾಗಿಲು ತೆರೆದವಳು ತಮ್ಮನ ಹೆಂಡತಿ. “ಬನ್ನಿ ಭಾವ,” ಅಂದಳು.

ಪಕ್ಕದ ಷೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಪ್ರೆಸ್ಸಿಲ್ಲ, ಮೇಜಿಲ್ಲ. ಯಾರದ್ದೋ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು.

“ಅಚ್ಚುಗಳೆಲ್ಲ ಎಲ್ಲಿ ಹೋದ್ವಮ್ಮಾ?”

ಅವಳು ದನಿ ತಗ್ಗಿಸಿದಳು. “ಇವರಿಗೆ ಕಣ್ಣು ಹೋಯ್ತು ಭಾವ. ನರ ಒಣಗಿದೆ ಅಂದ್ರು. ಹೋದ ಚಳಿಗಾಲದ ತನಕ ಬೆಳಕಿಗೆ ಹಿಡಿದರೆ ಅಷ್ಟಿಷ್ಟು ಕಾಣ್ತಿತ್ತು. ನೀವು ಬರ್ತೀರಿ ಅಂತ ಹಲ್ಲಿನ ಡಾಕ್ಟ್ರು ಹೇಳಿದ್ರು. ಅಚ್ಚು ಅಣ್ಣನಿಗೇ ಸೇರಲಿ, ಬಂದಾಗ ಒಯ್ಲಿ ಅಂತ ಇವರು ಎಣ್ಣೆ ಬಟ್ಟೆ ಸುತ್ತಿ ಇಟ್ಟಿದ್ರು. ಷೆಡ್ಡಿನ ಓನರ್ ಖಾಲಿ ಮಾಡಿ ಅಂತ ಕೂತ್ರು. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ಕೇಳ್ಕೊಂಡ್ವಿ. ಕೊನೆಗೆ ಗುಜರಿಗೆ ಹೋಯ್ತು.”

“ಒಂದು ಫೋನ್ ಮಾಡಬಾರದಿತ್ತೇನಮ್ಮಾ?”

“ಮಾಡ್ತೀನಿ ಅಂದೆ. ಬೇಡ ಅಂದ್ರು, ಡಾಕ್ಟ್ರೂ ಹೇಳಬಾರದು ಅಂದಿದ್ರು. ಏನೋ ಮಾಡ್ತಾ ಇರ್ತಾನೆ, ಮುಗಿಸದೆ ಬರೋನಲ್ಲ ಅವನು, ಬರ್ತಾನೆ ಬಿಡು ಅಂದ್ರು.”

ಹೊಗೆ ಕೊಳವೆಯ ಅಂಚು, ಗೊರಗೊರ ಅನ್ನುವ ಮೋಟಾರು, ಒರೆಸಿ ಒರೆಸಿ ಬಳಿದ ಗೆರೆ, ಅದರಲ್ಲಿ ಕಳೆದ ಒಂದೊಂದು ದಿನವೂ ತಮ್ಮನ ಕಣ್ಣು ಇನ್ನೂ ಕಾಣುತ್ತಿದ್ದ ದಿನ. ಆ ಯೋಚನೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿತು. ಅವಳೇ ತೋಳು ಹಿಡಿದು ಒಳಗೆ ಕರೆದೊಯ್ದಳು.

ತಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹೆಜ್ಜೆ ಸದ್ದಿಗೇ ತಲೆ ಎತ್ತಿದ.

“ಅಣ್ಣನಾ?”

“ಹೂಂ ಕಣೋ.”

“ಕೂತ್ಕೋ. ಏನು ತಂದೆ?”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಯಜಮಾನರ ಬಾಯಿಗೆ ಬರಲಿಲ್ಲ. ಡಬ್ಬ ಬಿಚ್ಚಿ ಇಂಜಿನ್ನನ್ನು ಅವನ ಅಂಗೈಯಲ್ಲಿಟ್ಟರು. ತಮ್ಮ ಅದನ್ನು ಬೆರಳಿನಿಂದ ಸವರುತ್ತ ಹೋದ. ಗಾಲಿ, ಮೆಟ್ಟಿಲು, ಹೊಗೆ ಕೊಳವೆ. ಯಾವ ಇಂಜಿನ್ನು ಅಂತ ತಿಳಿದು ಮುಖ ಅರಳಿತು. ಹಿಂಭಾಗಕ್ಕೆ ಬಂದು ಬೆರಳು ನಿಂತಿತು.

“ಹಳೇ ಕೊಂಡಿ ಹಾಕಿದ್ದೀಯ,” ಅಂದ. ಕೊಂಡಿಯನ್ನು ಬೆರಳಿನಿಂದ ಅಲ್ಲಾಡಿಸುತ್ತ, “ಈಗ ಇದಕ್ಕೆ ತಗಲಿಸೋಕೆ ನನ್ನ ಹತ್ರ ಬೋಗಿ ಇಲ್ಲವಲ್ಲ ಅಣ್ಣ.”

ಅವನು ಹೆಬ್ಬೆರಳನ್ನು ಇಂಜಿನ್ನಿನ ಮಗ್ಗುಲಿಗೆ ತಂದು, ಹಳದಿ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ. ನಡುವೆ ಬಣ್ಣ ಗಂಟುಕಟ್ಟಿದ್ದ ಎರಡು ಕಡೆ ಬೆರಳು ತಡೆಯಿತು. ಮತ್ತೊಮ್ಮೆ ಎಳೆದ.

“ಬಣ್ಣ ಯಾರು ಬಳಿದದ್ದು?”

“ನಾನೇ ಕಣೋ,” ಅಂದರು ಯಜಮಾನರು. “ಬಳಿಯೋಕೆ ಬೇರೆ ಯಾರೂ ಸಿಗಲಿಲ್ಲ.”

ತಮ್ಮನ ಹೆಬ್ಬೆರಳು ಗೆರೆಯ ಮೇಲೆಯೇ ಇತ್ತು.

“ಬಣ್ಣಕ್ಕೆ ಥಿನ್ನರ್ ಸ್ವಲ್ಪ ಜಾಸ್ತಿ ಹಾಕಬೇಕಿತ್ತು ಅಣ್ಣ,” ಅಂದ.