ನಾನು ಇತ್ತೆಂದ ತೊಟ್ಟಿಲು

ಇರದ ತೊಟ್ಟಿಲನ್ನು ಇತ್ತು ಎಂದು ಹೇಳಿದೆ. ಅದೂ ಸತ್ತ ಕೂಸಿನ ಮುಂದೆ, ಅದರ ತಾಯಿಯ ಎದುರಿಗೇ ನಿಂತು. ಇಷ್ಟು ವರ್ಷ ಕಳೆದರೂ ನನಗೆ ನಂಬಲಾಗುವುದಿಲ್ಲ — ಆ ಮಾತು ನನ್ನ ಬಾಯಿಂದಲೇ ಬಂತೆ? ಬಂತು. ನಾಲಿಗೆ ತಡವರಿಸಲೂ ಇಲ್ಲ.

ಎಪ್ಪತ್ತರ ದಶಕದ ಆರಂಭ. ಸಿಂದಗಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ನಾನು ಲೇಬರ್ ವೆಲ್ಫೇರ್ ಆಫೀಸರ್. ಈಗ ಎಚ್.ಆರ್. ಎನ್ನುತ್ತಾರಲ್ಲ, ಆ ಹುದ್ದೆಯ ಅಜ್ಜ. ನನಗಿಂತ ಮೊದಲು ಆಳುಗಳನ್ನು ಕರೆಯುವುದು, ಬಿಡಿಸುವುದು, ಬೈಯುವುದು ಎಲ್ಲ ಆಳುಗಳ ಮೇಸ್ತ್ರಿ ಮುಕಾದಮನದೇ ಕಾರಭಾರ. ಆಳಿಗೂ ನೀರು, ನೆರಳು, ಔಷಧ ಬೇಕು, ಅದನ್ನು ನೋಡಿಕೊಳ್ಳಲು ಓದಿದವನೊಬ್ಬ ಬೇಕು ಎನ್ನುವುದು ಆಗಿನ್ನೂ ಹೊಸ ವಿಚಾರ. ನಾನು ಇಂಡಿಯವನು, ಧಾರವಾಡದಲ್ಲಿ ಸಮಾಜಕಾರ್ಯ ಓದಿ ಬಂದಿದ್ದೆ. ಮೈಮೇಲೆ ಇಸ್ತ್ರಿ ಅಂಗಿ, ತಲೆತುಂಬ ಆದರ್ಶ. ಮೊದಲ ದಿನವೇ ಕಾರ್ಖಾನೆಯ ಮಾಲೀಕ ಸಾವಕಾರರು ಬೆನ್ನು ತಟ್ಟಿ ಹೇಳಿದ್ದರು: "ಮಂದೀನ ಖುಷಿ ಇಡ್ರಿ, ಸರಕಾರದಾವ್ರನ್ನೂ ಖುಷಿ ಇಡ್ರಿ. ಖರ್ಚ ಮಾತ್ರ ನನ್ನ ಕೇಳಿ ಮಾಡ್ರಿ." ಇವುಗಳಲ್ಲಿ ಯಾವುದು ಮೊದಲು ಎಂದು ಕೇಳಬೇಕಿತ್ತು — ನಾನು ನಕ್ಕು ತಲೆಯಾಡಿಸಿದೆ.

ಹತ್ತಿ ಆರಿಸುವ ಹೆಂಗಸರ ಕೂಸುಗಳಿಗೆಂದು ಕಾರ್ಖಾನೆಯಲ್ಲಿ ಒಂದು ಕೋಣೆ, ತೊಟ್ಟಿಲು, ನೋಡಿಕೊಳ್ಳಲು ಒಬ್ಬಳು ಆಯಾ ಇರಬೇಕೆಂದು ಕಾಯದೆ. ನಮ್ಮಲ್ಲಿ ಯಾವುದೂ ಇರಲಿಲ್ಲ. ವಿಜಾಪುರದಿಂದ ಇನ್ಸ್‌ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂದಾಗ ನಾನೇ ಮುಂದೆ ನಿಂತು ಓಡಾಡಿದೆ. ಗೋದಾಮಿನ ಕೋಣೆಯೊಂದಕ್ಕೆ ಸುಣ್ಣ ಬಳಿಸಿದೆ, ತೊಲೆಗಳಿಗೆ ಹಗ್ಗ ಕಟ್ಟಿಸಿ ಸೀರೆಯ ತೊಟ್ಟಿಲು ಹಾಕಿಸಿದೆ. "ಕೂಸುಗೋಳನ್ನ ಕರಕೊಂಡ ಬರ್ರಿ, ಇನ್ನ ಮ್ಯಾಲೆ ಇಲ್ಲೇ ಮಲಗಸೂದು" ಎಂದು ಹೆಂಗಸರಿಗೆಲ್ಲ ಹೇಳಿದೆ. ಇನ್ನು ಮೇಲೆ! ಆ ಮಾತನ್ನು ಯಾಕಾದರೂ ಸೇರಿಸಿದೆನೋ. ಒಂದು ದಿನದ ಮಟ್ಟಿಗೆ ಎಂದು ಹೇಳಿಬಿಟ್ಟಿದ್ದರೆ...

ಅವರಲ್ಲಿ ಒಬ್ಬಳು ನೀಲವ್ವ. ಅವಳ ಮಗನಿಗೆ ಆಗಿನ್ನೂ ಹಲ್ಲು ಮೂಡುತ್ತಿದ್ದವು. ಅಲ್ಲಿಯವರೆಗೆ ಮನೆಯಲ್ಲಿ ಅತ್ತೆ ಅವನನ್ನು ನೋಡಿಕೊಳ್ಳುತ್ತಿದ್ದಳು. ಕಾರ್ಖಾನೆಯಲ್ಲಿ ತೊಟ್ಟಿಲು ಆಯಿತೆಂದು ಕೇಳಿ ಅತ್ತೆ ನಿಶ್ಚಿಂತೆಯಿಂದ ಮುದ್ದೇಬಿಹಾಳಕ್ಕೆ, ಮಗಳ ಮನೆಗೆ ಹೊರಟುಹೋದಳು. ಇನ್ಸ್‌ಪೆಕ್ಟರ್ ಬಂದರು, ತಾವೇ ಒಂದು ತೊಟ್ಟಿಲು ತೂಗಿದರು, ಚಹಾ ಕುಡಿದು ಹೋದರು. ಮರುದಿನ ಬೆಳಿಗ್ಗೆ ಆ ಕೋಣೆ ಅರಳೆಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಇಡಲು ಬೇಕಾಯಿತು. ಹಗ್ಗ ಬಿಚ್ಚಿಸಿದವನೂ ನಾನೇ.

ನೀಲವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಸಾಹೇಬ್ರ, ತೊಟ್ಟಲಾ ಎಲ್ಲ್ಯಾವ್ರಿ?"

"ಇವತ್ತೊಂದಿನ ಹೆಂಗರ ಹೊಂದಿಸ್ಕೊ ಯವ್ವಾ. ಮುಂದ ನೋಡೂಣು."

ಹೊಂದಿಸಿಕೊಂಡಳು. ಅಂಗಳದ ಹತ್ತಿ ರಾಶಿಯ ನೆರಳಿನಲ್ಲಿ, ಮೆತ್ತಗಿರುತ್ತದೆಂದು ಹತ್ತಿಯಲ್ಲೇ ಸಣ್ಣ ಗುಳಿ ಮಾಡಿ ಮಗನನ್ನು ಮಲಗಿಸಿ ಕೆಲಸಕ್ಕೆ ಹೋದಳು. ಅಷ್ಟರಲ್ಲಿ ಹಳ್ಳಿಯ ಬಂಡಿಗಳು ಬಂದವು. ಹಮಾಲರು ಎಂದಿನಂತೆ ಅದೇ ರಾಶಿಯ ಮೇಲೆ ಬಂಡಿ ಖಾಲಿ ಮಾಡಿದರು. ಅಲ್ಲೊಂದು ಜೀವ ಮಲಗಿದೆಯೆಂದು ಅವರಿಗೆ ಯಾರು ಹೇಳಬೇಕು?

ಹಾಲು ಕುಡಿಸಲು ಬಂದ ನೀಲವ್ವ ರಾಶಿಯ ಸುತ್ತ ತಿರುಗಿದಳು. ಮತ್ತೆ ತಿರುಗಿದಳು. ಆಮೇಲೆ ಎರಡೂ ಕೈಯಿಂದ ಹತ್ತಿ ಬಗೆಯತೊಡಗಿದಳು. ಎಲ್ಲರೂ ಓಡಿದೆವು, ಎಲ್ಲರೂ ಬಗೆದೆವು. ಸಿಕ್ಕಿತು. ಮೈ ಇನ್ನೂ ಬೆಚ್ಚಗಿತ್ತು — ನಾನು ಮುಟ್ಟಿ ನೋಡಿದ್ದೇನೆ. ಉಸಿರು ಇರಲಿಲ್ಲ.

ಪಂಚನಾಮೆಗೆ ಬಂದ ಪೊಲೀಸ್ ಜಮಾದಾರ ಕೇಳಿದ: "ಕೂಸಗೋಳಿಗೆ ಇಲ್ಲಿ ಬ್ಯಾರೆ ವ್ಯವಸ್ಥಾ ಇಲ್ಲೇನ್ರಿ?"

ಸಾವಕಾರರು ನನ್ನ ಮುಖ ನೋಡಿದರು. ಏನೂ ಹೇಳಿಕೊಡಲಿಲ್ಲ, ಬೆದರಿಸಲಿಲ್ಲ, ಬರೀ ನೋಡಿದರು. ನಾನು ಹೇಳಿದೆ —

"ತೊಟ್ಟಲಾ ಇತ್ರಿ. ಆಕೀನ ಹಾಕಲಿಲ್ಲ."

ನೀಲವ್ವ ತಲೆಯೆತ್ತಿದಳು. ಅವಳ ಅಳು ಅಲ್ಲಿಗೇ ನಿಂತುಬಿಟ್ಟಿತು. ಆ ಮುಖದಲ್ಲಿ ಸಿಟ್ಟಿರಲಿಲ್ಲ — ದಿಗ್ಭ್ರಮೆ, ಬರೀ ದಿಗ್ಭ್ರಮೆ. ಆದರೂ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸುತ್ತ ನಿಂತ ಹೆಂಗಸರಿಗೆಲ್ಲ ನಿಜ ಗೊತ್ತಿತ್ತು. ಕೆಲಸ ಹೋದೀತೆಂಬ ಭಯಕ್ಕೆ ಯಾರೂ ತುಟಿ ಬಿಚ್ಚಲಿಲ್ಲ. ಅವರನ್ನು ದೂರುವ ಬಾಯಿ ನನಗಿಲ್ಲ. ಅವಳ ಗಂಡ ಅಲ್ಲೇ ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡ.

ತೊಟ್ಟಿಲಿದ್ದರೂ ಕೂಸನ್ನು ರಾಶಿಗೆ ಹಾಕಿದವಳು ಎಂದು ಊರೆಲ್ಲ ಆಡಿಕೊಂಡಿತು. ಗಂಡ ಅವಳನ್ನು ತವರಿಗೆ ಅಟ್ಟಿದ. ಅವಳು ಮಗನನ್ನು ಕಳೆದುಕೊಂಡಿದ್ದಳು. ಅವಳು ಒಳ್ಳೆಯ ತಾಯಿಯಾಗಿದ್ದಳು ಎನ್ನುವುದನ್ನೂ ನಾನು ಕಿತ್ತುಕೊಂಡೆ. ಮುಂದಿನ ಸುಗ್ಗಿಗೆ ಕಾರ್ಖಾನೆಯಲ್ಲಿ ಕೂಸುಗಳ ಕೋಣೆ ನಿಜವಾಗಿಯೂ ಆಯಿತು. ಅದಕ್ಕಾಗಿ ನಾಲ್ಕು ಜನ ನನ್ನನ್ನು ಹೊಗಳಿದರು, ನಾನು ಹೊಗಳಿಸಿಕೊಂಡೆ. ಮುಂದೆ ದೊಡ್ಡ ದೊಡ್ಡ ಕಂಪನಿಗಳಲ್ಲಿ ಹೊಸ ಹುಡುಗರಿಗೆ ಪಾಠವನ್ನೂ ಹೇಳಿದೆ — ಕೆಲಸಗಾರ ಮೊದಲು ಮನುಷ್ಯ, ನಮ್ಮ ಕೆಲಸ ಅವನ ಪರವಾಗಿ ಒಂದು ಮಾತಾಡುವುದು, ಅಂತ. ಹೇಗೆ ಹೇಳಿದೆನೋ!

ಆ ದಶಕ ಮುಗಿಯುವ ಮೊದಲು ನೀಲವ್ವ ಇನ್ನೊಮ್ಮೆ ಸಿಕ್ಕಳು, ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ. ನಾನು ಗುರುತು ಸಿಗದವನಂತೆ ಮುಖ ತಿರುಗಿಸಿದೆ. ಅವಳೇ ಹತ್ತಿರ ಬಂದಳು. ಬೈಯುತ್ತಾಳೆ, ಬೈಯಲಿ ಎಂದುಕೊಂಡೆ. ಅವಳು ಸೆರಗನ್ನು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು:

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೇನಿ. ಎಲ್ಲಾರೂ ಅಂದ ಅಂದ, ನನಗೂ ಈಗ ಹಂಗ ಅನಸಾಕತ್ತೈತಿ. ಆವತ್ತ ಖರೇನ ತೊಟ್ಟಲಾ ಇತ್ತೇನ್ರಿ? ನನ್ನ ಕಣ್ಣಿಗೆ ಕಾಣಲಿಲ್ಲೇನ್ರಿ?"

ಅಲ್ಲಿ ಸಾವಕಾರರಿರಲಿಲ್ಲ, ಜಮಾದಾರನಿರಲಿಲ್ಲ. "ಇರಲಿಲ್ಲ, ನೀಲವ್ವ" ಎಂದಿದ್ದರೆ ಸಾಕಿತ್ತು. ಅವಳು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

ನನ್ನ ಬಸ್ಸು ಬಂತು. ನಾನು ಹತ್ತಿ ಕುಳಿತೆ.